ಲೈನಿನಲ್ಲಿ ಕಾಯುವವರಿಗೆ ಹಾಕಿದ ಹಾಡು

ನಾನು ಯಾವುದನ್ನೂ ಒಂದೇ ಸಲಕ್ಕೆ ನಂಬುವವನಲ್ಲ. ಹಿಂದೂಪುರದಲ್ಲಿ ರೇಷ್ಮೆ ಸೀರೆಯ ಹೋಲ್‌ಸೇಲ್ ಅಂಗಡಿ ಇಟ್ಟವನಿಗೆ ಈ ಗುಣ ಇರಲೇಬೇಕು. ತಂದವನು ದೇವರಾಣೆ ಇಟ್ಟರೂ ಒಂದು ಎಳೆ ಕಿತ್ತು, ಸುಟ್ಟು, ಮೂಸಿ ನೋಡಿದ ಮೇಲೆಯೇ ಅದು ರೇಷ್ಮೆ ಎಂದು ಒಪ್ಪುತ್ತೇನೆ. ತೀರ್ಥ ಕೊಟ್ಟರೂ ಮೂಸಿ ಕುಡಿಯುವ ಮನುಷ್ಯ ಎಂದು ನನ್ನ ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ಹೀಗಿರುವಾಗ ಅಂಗಡಿಗೆ ಒಂದು ಕಾಗದ ಬಂತು. ನಮ್ಮಲ್ಲಿ ಆಗಷ್ಟೇ ಹೊಸ ಫೋನ್ ಮೆಷೀನ್ ಹಾಕಿಸಿದ್ದೆ. ಇಂಥ ಬಣ್ಣ, ಇಂಥ ಅಂಚು ಇದೆಯೇ ಎಂದು ಯಾರಾದರೂ ಕೇಳಿದರೆ ನಮ್ಮವರು ಮಹಡಿಯ ಗೋದಾಮಿಗೆ ಹತ್ತಿ ನೋಡಿ ಬರಬೇಕು. ಅಷ್ಟು ಹೊತ್ತು ಕೇಳಿದವರ ಕಿವಿಗೆ ಒಂದು ಸಿನಿಮಾ ಹಾಡು. ಮೆಷೀನ್ ಕೂರಿಸಿದವನೇ ಹಾಕಿಕೊಟ್ಟಿದ್ದ. ವ್ಯಾಪಾರದ ಫೋನಿನಲ್ಲಿ ಹಾಡು ಕೇಳಿಸಬೇಕಾದರೆ ಅದರ ಹಕ್ಕು ಇರುವವರಿಂದ ಲೈಸೆನ್ಸ್ ಪಡೆಯಬೇಕು, ನೀವು ಪಡೆದಿಲ್ಲ ಎಂದು ಆ ಕಾಗದದಲ್ಲಿತ್ತು.

ಕಾಗದ ಸುಳ್ಳು ಎಂದು ನನ್ನ ಮೊದಲ ಗುಮಾನಿ. ಎರಡನೆಯದು, ಚಾಡಿ ಹೇಳಿದವರು ಯಾರು? ಎದುರಂಗಡಿಯವನು ಗಿರಾಕಿಯ ಹಾಗೆ ದನಿ ಬದಲಿಸಿ ಫೋನ್ ಮಾಡಿ ನಮ್ಮ ರೇಟು ತಿಳಿದುಕೊಳ್ಳುವುದು ನನಗೆ ಗೊತ್ತು. ಕಾದು ಕಾದು ಹಾಡು ಪೂರ್ತಿ ಕೇಳಿರುವವನು ಅವನೊಬ್ಬನೇ. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರೂ ನನ್ನನ್ನು ಕಾಯಿಸಿ ವೀಣೆ ಕೇಳಿಸಿದರು. ಲೈನಿಗೆ ಬಂದ ಹುಡುಗಿಯನ್ನು, ಈ ವೀಣೆಗೆ ಪರ್ಮಿಷನ್ ಇದೆಯೇನಮ್ಮ ಎಂದು ಕೇಳಿದೆ. ಇದೆ ಸಾರ್, ಕಾಪಿ ಕಳಿಸಲೇ ಎಂದಳು. ನನಗೆ ಸಿಟ್ಟೇ ಬಂತು. ಕೊನೆಗೆ ವಕೀಲರನ್ನು ಕೇಳಿದರೆ ಕಾಗದ ನಿಜ ಎಂದರು. ಅವರಿಗೂ ಇದರಲ್ಲಿ ಏನಾದರೂ ಪಾಲಿರಬಹುದೇ ಎಂದು ಎರಡು ದಿನ ಯೋಚಿಸಿದೆ.

ಸಿನಿಮಾ ಹಾಡು ತೆಗೆಸಿದೆ. ಯಾರ ಹಂಗೂ ಇಲ್ಲದ ಹಾಡು ನಮ್ಮ ಮನೆಯಲ್ಲೇ ಇರುವಾಗ ಇವರ ಲೈಸೆನ್ಸು ಯಾಕೆ ಎಂದುಕೊಂಡೆ. ದೊಡ್ಡ ಮಗಳ ಮದುವೆಯಲ್ಲಿ ನನ್ನ ಅಕ್ಕ ಹೆಣ್ಣೊಪ್ಪಿಸುವ ಪದ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅದನ್ನೇ ಮೆಷೀನಿಗೆ ಹಾಕಿಸಿದೆ.

ಆ ಪದದ ವಿಷಯ ಹೇಳಬೇಕು. ನಾವು ನೇಯ್ಗೆಯ ಮನೆಯವರು. ಹುಡುಗಿಯ ಕೈಯನ್ನು ಅತ್ತೆಯ ಕೈಗೆ ಇಡುವ ಹೊತ್ತಿನಲ್ಲಿ ಮಾತ್ರ ನಮ್ಮಲ್ಲಿ ಅದನ್ನು ಹಾಡುತ್ತಾರೆ. ಬೇರೆ ದಿನ ಗುನುಗುವುದೂ ಇಲ್ಲ. ಹೆಣ್ಣಿಲ್ಲದೆ ಹಾಡಿದರೆ ಮನೆಯ ಹೆಣ್ಣಿಗೆ ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಪಕ್ಕ ನಿಂತು ನಿಂತು ಅಕ್ಕ ಕಲಿತಳು. ಈಗ ಅದು ಪೂರ್ತಿ ಬರುವುದು ಅವಳೊಬ್ಬಳಿಗೇ. ಚಿಕ್ಕ ಮಗಳಿಗೂ ಸಂಬಂಧ ನಿಶ್ಚಯವಾಗಿತ್ತು. ಅವಳು ಒಡವೆ ಸೀರೆ ಏನನ್ನೂ ಕೇಳಲಿಲ್ಲ, ಸೋದರತ್ತೆ ಹಾಡಬೇಕು ಎಂದಷ್ಟೇ ಕೇಳಿದಳು.

ಇಷ್ಟೆಲ್ಲ ಗೊತ್ತಿದ್ದೂ ಹಾಕಿಸಿದೆ. ರೆಕಾರ್ಡು ಆದದ್ದು ಹಾಡಿದ ಹಾಗೆ ಹೇಗಾಗುತ್ತದೆ ಎಂದು ನನಗೆ ನಾನೇ ವಕೀಲನಾದೆ. ಧರ್ಮಾವರದ ಗಿರಾಕಿಯೊಬ್ಬ, “ಪಾಟ ಬಾಗುಂದನ್ನಾ, ಇಂಕಾ ಕೊಂಚೆಂಸೇಪು ಪೆಟ್ಟು,” ಹಾಡು ಚೆನ್ನಾಗಿದೆಯಣ್ಣ, ಇನ್ನೂ ಸ್ವಲ್ಪ ಹೊತ್ತು ಇಡು ಎಂದ. ನಾನು ಹಿಗ್ಗಿದೆ.

ಆಮೇಲೆ ಕಲ್ಯಾಣದುರ್ಗದಿಂದ ಅಕ್ಕನ ಫೋನ್ ಬರುವುದು ನಿಂತಿತು. ನಾನು ಮಾಡಿದರೆ ಎತ್ತಲಿಲ್ಲ. ಭಾವ ಏನಾದರೂ ಕಿವಿ ಊದಿರಬೇಕು ಎಂದುಕೊಂಡೆ. ಮದುವೆಯ ಸೀರೆ ತೋರಿಸಲು ಕರೆಯಲಿಲ್ಲ ಎಂಬ ಮುನಿಸೇ? ಹೊಸ ಬೀಗರ ಕಡೆಯವರು ಏನಾದರೂ ಅಂದರೇ? ಎಲ್ಲರ ಮೇಲೂ ಅನುಮಾನಪಟ್ಟೆ. ಒಂದು ದಿನ ಮೆಷೀನಿನಲ್ಲಿ ಹಳೆಯ ನಂಬರು ಹುಡುಕುವಾಗ ಅಕ್ಕನ ನಂಬರು ಕಂಡಿತು. ಅಂಗಡಿಗೆ ಮಾಡಿದ್ದಾಳೆ. ನಮ್ಮವರು ಕಾಯಿಸಿದ್ದಾರೆ. ಪದ ಮುಗಿಯುವಷ್ಟು ಹೊತ್ತು ಕಾದು, ಮಾತಾಡದೆ ಇಟ್ಟಿದ್ದಾಳೆ.

ಅಂದೇ ಪದ ತೆಗೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ಹಾಕಿದ್ದಕ್ಕೆ ನಾಳೆ ಯಾರಾದರೂ ತಕರಾರು ತೆಗೆದರೆ ಎಂದು ಒಂದು ಬಾಂಡ್ ಪೇಪರಿನಲ್ಲಿ ಅಕ್ಕನ ಹೆಸರಿಗೆ ಒಪ್ಪಿಗೆಪತ್ರ ಬರೆಸಿಕೊಂಡು ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನೀರು ಕೊಟ್ಟಳು. ತಪ್ಪಾಯಿತು ಎಂದೆ. ತಲೆಯಾಡಿಸಿದಳು. ನಾನು ಪೇಪರು ತೆಗೆದೆ.

“ಒಂದ್ ಸೈನ್ ಹಾಕ್ಬುಡಕ್ಕ. ಆಮೇಲೆ ಯಾರೂ ಏನೂ ಕೇಳಂಗಿಲ್ಲ.”

“ಯಾರ್ಲಾ ಕೇಳೋರು?”

“ನೀನ್ ಕೇಳಕಿಲ್ಲ. ನಿನ್ ಮಕ್ಳು ಕೇಳ್ಬೋದಲ್ಲ.”

ಅವಳ ಕೈ ನಿಂತಿತು. “ಸಿನಿಮಾದೋರು ಕಾಗ್ದ ಹಾಕುದ್ರು, ಹೆದ್ರ್‌ಕೊಂಡು ತೆಗ್ದೆ. ನಾನು ಕಾಗ್ದ ಹಾಕೋಳಲ್ಲ ಅಂತ ಗೊತ್ತಿತ್ತು, ನಂದು ಹಾಕ್ಬುಟ್ಟೆ. ಅದು ಹೆಣ್ಣು ಹೊಸ್ಲು ದಾಟೋವಾಗ ಹಾಡೋದು ಕಣ್ಲಾ. ಸೀರೆ ರೇಟ್ ಕೇಳೋರ್ಗಲ್ಲ.”

“ಮದ್ವೇಗೆ ಬತ್ತೀಯಾ?”

“ಸೋದರತ್ತೆ ಬರ್ದೆ ಇದ್ರೆ ಹೆಂಗೆ? ಬತ್ತೀನಿ.”

“ಹಾಡ್ತೀಯಾ?”

“ನೋಡಾನ,” ಎಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಪೇಪರು ಮಡಿಸಿ ಜೇಬಿಗಿಟ್ಟುಕೊಂಡು ಹಿಂದಿರುಗಿದೆ.

ಮದುವೆಗೆ ಬಂದಳು. ಧಾರೆ ಮುಗಿದು, ಊಟ ಮುಗಿದು, ಛತ್ರದ ಒಳಕೋಣೆಯಲ್ಲಿ ಹೆಣ್ಣೊಪ್ಪಿಸಲು ಎಲ್ಲರೂ ನಿಂತೆವು. ಅಕ್ಕ ಅರಿಸಿನ ಕುಂಕುಮದ ಪಕ್ಕದಿಂದ ಒಂದು ಖಾಲಿ ತಟ್ಟೆ ತೆಗೆದು ನನ್ನ ಮುಂದೆ ಹಿಡಿದಳು. ನೆಂಟರಿಗೆ ಅರ್ಥವಾಗಲಿಲ್ಲ. ನನಗಾಯಿತು. ಫೋನ್ ತೆಗೆದು ಇಟ್ಟೆ.

“ಇನ್ನೊಂದು?” ಎಂದಳು. ವ್ಯಾಪಾರಕ್ಕೆ ನಾನು ಬೇರೆ ಮೊಬೈಲ್ ಇಟ್ಟಿರುವುದು ಅವಳಿಗೆ ಗೊತ್ತು.

“ಅಂಗ್ಡೀಲೈತಕ್ಕ.”

ನಿಜವಾಗಿಯೂ ಹಾಗೆಂದೇ ತಿಳಿದಿದ್ದೆ. ಖಾಲಿ ಎಂದು ತೋರಿಸಲು ಜುಬ್ಬದ ಒಳಜೇಬಿಗೆ ಕೈ ಹಾಕಿದರೆ ಅಂಗಡಿಯ ಫೋನ್ ಕೈಗೆ ಬಂತು. ಮರೆತಿದ್ದೆ ಎಂದೆ. ಯಾರೂ ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಹುಟ್ಟಿದಾಗಿನಿಂದ ನನ್ನನ್ನು ಲೋ ಎಂದೇ ಕರೆದ ಅಕ್ಕ, ಬೀಗರೊಂದಿಗೆ ಮಾತಾಡುವ ದನಿಯಲ್ಲಿ, “ನೀವ್ ಒಸಿ ಆಚೇಗಿರಿ,” ಎಂದಳು.

ಹೊರಗೆ ಬಂದು ಚಪ್ಪಲಿಗಳ ಹತ್ತಿರ ನಿಂತೆ. ಬಾಗಿಲು ಮುಚ್ಚಿತು. ಬ್ಯಾಂಡಿನವರು ವ್ಯಾನಿಗೆ ಡೋಲು ಏರಿಸುತ್ತಿದ್ದರು. ಒಳಗಿನಿಂದ ದನಿ ಬರುವುದು ಗೊತ್ತಾಗುತ್ತಿತ್ತು, ಮಾತು ಯಾವುದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳು ಅತ್ತು ಕೆಂಪಾದ ಮುಖ ಹೊತ್ತು ಬಂದು ನನ್ನ ಕೈ ಹಿಡಿದಳು.

“ಅತ್ತೆ ಹಾಡುದ್ರಪ್ಪ. ನಿಂಗೆ ಕೇಳಿಸ್ತಾ?”

“ಕೇಳಿಸ್ತು ಕಣಮ್ಮ,” ಎಂದೆ. ಅವಳು ನಂಬಿದಳು.