ಒಳಗೆ ಬರುತ್ತೆ, ಹೊರಗೆ ಹೋಗಲ್ಲ

ಕಾರು ಕಲಿಸುವ ಮೇಷ್ಟ್ರಿಗೆ ಎದುರಿನ ರಸ್ತೆಯಲ್ಲಿ ಏನಾಗಲಿದೆ ಎಂಬುದು ಬೇರೆಯವರಿಗಿಂತ ಒಂದು ಗಳಿಗೆ ಮೊದಲೇ ಗೊತ್ತಾಗುತ್ತಿತ್ತು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಯೂ ಒಂದು ಬ್ರೇಕು. ಕಲಿಯುವವರು ಗಾಬರಿಬಿದ್ದು ಕಿರುಚುವ ಮೊದಲೇ ಅವರ ಪಾದ ಅದರ ಮೇಲೆ ಒತ್ತಿರುತ್ತಿತ್ತು. "ಏನೂ ಆಗಿಲ್ಲ, ಉಸಿರು ಬಿಡಿ," ಅನ್ನುತ್ತಿದ್ದರು. ಊರಿನ ಅರ್ಧ ಜನ ಅವರ ಬೈಗುಳ ತಿನ್ನದೆ ಕಾರು ಕಲಿತವರು.

ಆದರೆ ದುಡ್ಡಿನ ಲೆಕ್ಕ ಅಂದರೆ ಅವರಿಗೆ ಕಬ್ಬಿಣದ ಕಡಲೆ. ಮನೆಸಾಲ ತೆಗೆದದ್ದು ಗಂಡಹೆಂಡಿರಿಬ್ಬರ ಹೆಸರಲ್ಲಿ, ನಿಭಾಯಿಸಿದ್ದು ಹೆಂಡತಿ. ಆಕೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಿಂಗಳ ಮೊದಲ ವಾರ ಮೇಷ್ಟ್ರು ಕಂತಿನಷ್ಟು ದುಡ್ಡನ್ನು ಅವಳ ಖಾತೆಗೆ ಹಾಕಬೇಕು, ಬ್ಯಾಂಕಿನವರು ಅಲ್ಲಿಂದ ಮುರಿದುಕೊಳ್ಳಬೇಕು. "ನೀವು ಹಾಕೋದೊಂದು ಮರೀಬೇಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಿದ್ದಳು. ಮೇಷ್ಟ್ರು ಒಮ್ಮೆಯೂ ಮರೆತವರಲ್ಲ.

ಹಿಂದಿನ ವರ್ಷ ಆಕೆ ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಮೇಷ್ಟ್ರು ಮತ್ತು ಆರನೇ ಕ್ಲಾಸಿನ ಮಗಳು ಗುಬ್ಬಿ ಇಬ್ಬರೇ ಉಳಿದರು. ಗುಬ್ಬಿ ಎಂಬುದು ಅಜ್ಜಿ ಇಟ್ಟ ಅಡ್ಡಹೆಸರು. ಒಂದು ಕಡೆ ಕೂರುವ ಜಾಯಮಾನದವಳಲ್ಲ. ಅಂತ್ಯಕ್ರಿಯೆ ಮುಗಿದ ವಾರವೇ ಆ ಅಜ್ಜಿ, ಎಂದರೆ ಮೇಷ್ಟ್ರ ಅತ್ತೆ, "ಹೆಣ್ಣುಮಗು, ನನ್ನ ಹತ್ರ ಇರಲಿ," ಎಂದರು. ದುಃಖದಲ್ಲಿದ್ದ ಮೇಷ್ಟ್ರು, "ನನ್ನ ಮಗಳನ್ನ ಸಾಕೋಕೆ ನನಗೆ ಯಾರ ಹಂಗೂ ಬೇಡ," ಎಂದುಬಿಟ್ಟರು. ಮಾತು ಆಡಿದರೆ ಹೋಯಿತು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಒಂದು ಬೆಳಗ್ಗೆ ಗುಬ್ಬಿಯ ಜಡೆ ಹೆಣೆಯುತ್ತಿದ್ದಾಗ (ಅವರು ಹೆಣೆದ ಜಡೆ ಸ್ಕೂಲು ಮುಟ್ಟುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು, ಅದು ಬೇರೆ ಮಾತು) ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಬ್ಯಾಂಕಿನ ಇಬ್ಬರು ನಿಂತಿದ್ದರು. ಒಬ್ಬ ಬಾಗಿಲಿಗೆ ಕಾಗದ ಅಂಟಿಸುತ್ತಿದ್ದ, ಇನ್ನೊಬ್ಬ ಅದರ ಫೋಟೋ ತೆಗೆಯುತ್ತಿದ್ದ.

"ಕಂತು ಕಟ್ಟಿಲ್ಲ ಸರ್. ಹೀಗೇ ಆದ್ರೆ ಮನೆ ಜಪ್ತಿಗೆ ಹೋಗುತ್ತೆ."

"ಯಾರ ಮನೆ?" ಎಂದರು ಮೇಷ್ಟ್ರು. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

"ನಿಮ್ದೇ."

"ನಾನು ಪ್ರತಿ ತಿಂಗಳೂ ಕಟ್ಟಿದ್ದೀನಲ್ರೀ!"

"ಅದನ್ನ ಬ್ರಾಂಚಲ್ಲಿ ಬಂದು ಹೇಳಿ," ಎಂದು ಇಬ್ಬರೂ ಮೆಟ್ಟಿಲಿಳಿದರು. ಅಂಟು ಸರಿಯಾಗಿ ಹಿಡಿದಿರಲಿಲ್ಲ, ಕಾಗದದ ಒಂದು ಮೂಲೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಗುಬ್ಬಿ ಅರ್ಧ ಜಡೆಯಲ್ಲೇ ಬಂದು ಅದನ್ನು ಓದಿದಳು. "ಅಪ್ಪಾ, ಇದರಲ್ಲಿ ಅಮ್ಮನ ಹೆಸರೂ ಇದೆ. ಅಮ್ಮ ಇಲ್ಲ ಅಂತ ಇವರಿಗೆ ಗೊತ್ತಿಲ್ವಾ?"

ಬ್ಯಾಂಕಿನಲ್ಲಿ ಕೆಳಗಿನ ಕೌಂಟರಿನವರು ಮಹಡಿಗೆ ಹೋಗಿ ಅಂದರು. ಮಹಡಿಯವರು ಊಟಕ್ಕೆ ಹೋಗಿದ್ದರು. ಕೊನೆಗೆ ಸಾಲದ ವಿಭಾಗದ ಮೇಡಂ ಒಬ್ಬರು ಕಂಪ್ಯೂಟರಿನಲ್ಲಿ ಹುಡುಕಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಹುಡುಕಿ ಹೇಳಿದರು.

"ದುಡ್ಡಿದೆ ಸರ್. ಆದ್ರೆ ಕಟ್ಟಿಲ್ಲ."

"ಅಂದ್ರೆ?"

"ನಿಮ್ಮ ಮಿಸೆಸ್ ಖಾತೆಗೆ ನೀವು ಹಾಕಿದ್ದೆಲ್ಲಾ ಹಾಗೇ ಇದೆ. ಅವರು ತೀರಿಕೊಂಡ ಸರ್ಟಿಫಿಕೇಟ್ ಕೆಳಗೆ ಕೊಟ್ಟಿದ್ರಲ್ಲಾ? ಕೆಳಗಿನವರು ಖಾತೆಗೆ ಬೀಗ ಹಾಕಿದ್ದಾರೆ. ಬೇರೆ ಯಾರೂ ದುಡ್ಡು ತೆಗೀಬಾರದು ಅಂತ. ಒಳಗೆ ಬರುತ್ತೆ, ಹೊರಗೆ ಹೋಗಲ್ಲ."

"ಇಲಿಬೋನಿನ ಹಾಗೆ."

ಮೇಡಂಗೆ ನಗು ಬಂತು, ತಡೆದುಕೊಂಡರು. "ಮೆಸೇಜು ಕಳಿಸ್ತಾನೇ ಇದ್ದೀವಲ್ಲ ಸರ್."

ಕಳಿಸಿದ್ದು ಹೆಂಡತಿಯ ಫೋನಿಗೆ. ಅದು ಆಫ್ ಆಗಿ ಕಪಾಟಿನಲ್ಲಿ ಅವಳ ಸೀರೆಗಳ ನಡುವೆ ಮಲಗಿತ್ತು. ಕೆಳಗಿನ ಕೌಂಟರಿಗೆ ಅವಳು ಸತ್ತಿದ್ದಳು, ಮಹಡಿಯವರಿಗೆ ಬದುಕಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಮೆಟ್ಟಿಲಸಾಲು. ಮೇಷ್ಟ್ರಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಸರ್ಟಿಫಿಕೇಟು ಕೊಟ್ಟವರು ತಾವೇ ತಾನೆ?

"ಸರಿ, ಅದೇ ದುಡ್ಡನ್ನ ಆ ಕಡೆಯಿಂದ ಈ ಕಡೆ ಎತ್ತಿ ಹಾಕಿ."

"ನಾಮಿನಿ ಬಂದು ಸಹಿ ಹಾಕಬೇಕು ಸರ್." ಮೇಡಂ ಪರದೆಯನ್ನು ಅವರತ್ತ ತಿರುಗಿಸಿದರು. "ತಾನಿಲ್ಲದಾಗ ಈ ದುಡ್ಡು ಇವರ ಕೈಗೆ ಸೇರಲಿ ಅಂತ ಒಬ್ಬರ ಹೆಸರು ಕೊಟ್ಟಿರ್ತಾರೆ. ಇಲ್ಲಿ ತಾಯಿಯ ಹೆಸರಿದೆ."

ಮದುವೆಗೆ ಮೊದಲು ತೆರೆದ ಖಾತೆ. ಬದಲಾಯಿಸಲು ಮರೆತಳೋ, ಬೇಕೆಂದೇ ಬಿಟ್ಟಳೋ? ಗಂಡನ ಅಂಗಿಯ ಗುಂಡಿ ಸಡಿಲವಾದರೂ ಗುರುತಿಸುತ್ತಿದ್ದವಳು ಇದನ್ನು ಮರೆಯುವುದುಂಟೆ? ಅವಳನ್ನೇ ಕೇಳಬೇಕು ಅನ್ನಿಸಿತು, ಮರುಗಳಿಗೆ ಅವಳಿಲ್ಲವೆಂದು ನೆನಪಾಯಿತು. ಹಾಗೆ ದಿನಕ್ಕೆ ಎಷ್ಟೋ ಸಲ ಆಗುತ್ತಿತ್ತು.

ಆ ವಾರ ಮೇಷ್ಟ್ರ ತಲೆ ಕಲಸಿದ ಹಿಟ್ಟಾಯಿತು. ಅವರ ಅಕ್ಕನ ಗಂಡ, ವಕೀಲರನ್ನು ಹಿಡಿ ಎಂದರು. ಪಕ್ಕದ ಮನೆಯವರು ವಕೀಲರ ಬಾಗಿಲು ತುಳಿದರೆ ಮನೆಯ ಜೊತೆ ಕಾರೂ ಹೋಗುತ್ತೆ ಎಂದರು. ಮನೆ ದಲ್ಲಾಳಿಯೊಬ್ಬ ಎಲ್ಲಿಂದ ವಾಸನೆ ಹಿಡಿದನೋ, ಬಂದು "ಜಪ್ತಿ ಆಗೋಕೆ ಮುಂಚೆ ಮಾರಿಬಿಡಿ, ಅದೇ ಮನೇಲಿ ಬಾಡಿಗೆಗೆ ಇರಿ, ನಿಮ್ಮ ಮನೆಗೆ ನೀವೇ ಬಾಡಿಗೆದಾರ," ಎಂದ. ಎಲ್ಲರ ಮಾತೂ ಕೇಳುವಾಗ ಸರಿ ಅನ್ನಿಸುತ್ತಿತ್ತು, ಅವರು ಎದ್ದು ಹೋದಮೇಲೆ ತಪ್ಪು ಅನ್ನಿಸುತ್ತಿತ್ತು.

ಕಾರಿನಲ್ಲಿ ಬಲಕ್ಕೆ ಕೈ ತೋರಿಸಿ "ಎಡಕ್ಕೆ ತಗೊಳ್ಳಿ" ಎಂದರು. ಕಲಿಯುತ್ತಿದ್ದವರು ವಯಸ್ಸಾದ ದಂತವೈದ್ಯೆ. ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿದರು. "ಮೇಷ್ಟ್ರೇ, ಕೈ ಕೇಳಲಾ, ಬಾಯಿ ಕೇಳಲಾ?" ಹಿಂದಿನಿಂದ ಹಾರನ್ನುಗಳ ಮೆರವಣಿಗೆ. ಮೇಷ್ಟ್ರಿಗೆ ಎರಡರಲ್ಲಿ ಯಾವುದು ಸರಿಯೆಂದು ತಮಗೇ ನೆನಪಾಗಲಿಲ್ಲ.

ಅತ್ತೆಯ ಬಳಿ ಹೋಗುವುದೊಂದನ್ನು ಬಿಟ್ಟು ಉಳಿದೆಲ್ಲ ದಾರಿಗಳನ್ನೂ ಅವರು ಯೋಚಿಸಿದರು. ದಾರಿ ಹುಡುಕಿಕೊಟ್ಟವಳು ಗುಬ್ಬಿ. "ಅಜ್ಜಿ ಸಹಿ ಹಾಕಿದ್ರೆ ಆಗುತ್ತೆ ತಾನೆ? ನಿಮಗೆ ಭಯ ಆದ್ರೆ ನಾನು ಹೋಗ್ತೀನಿ."

"ಭಯ ಯಾಕೆ?" ಎಂದು ಗದರಿದರು ಮೇಷ್ಟ್ರು. ಮರುದಿನ ಒಬ್ಬರೇ ಹೋದರು.

ಅತ್ತೆ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ನಡೆಸುತ್ತಿದ್ದರು. ಗಂಡ ಸತ್ತ ಮೇಲೆ ತಾವೇ ಸುತ್ತಿಗೆ ಹಿಡಿದು ಮಗಳನ್ನು ಓದಿಸಿದ ಹೆಂಗಸು. ಅಳಿಯ ಬಂದಾಗ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಬಡಿಯುತ್ತಿದ್ದರು. ಮೊಳೆಯೆಲ್ಲ ಮುಗಿಯುವ ತನಕ ಮಾತಾಡಲಿಲ್ಲ. ಮೇಷ್ಟ್ರು ನಿಂತೇ ಇದ್ದು, ಹಿಂದುಮುಂದಾಗಿ ಹೇಗೋ ವಿಷಯ ಹೇಳಿದರು.

"ಅಂತೂ ನನ್ನ ಮಗಳ ದುಡ್ಡು ಬೇಕು ಅಂತ ಬಂದ್ರಿ."

"ಅವಳ ದುಡ್ಡಲ್ಲ ಅತ್ತೆ, ನಂದು. ನಾನು ಹಾಕಿದ್ದು."

"ಅವಳ ಖಾತೆಗೆ?"

"ಹೂಂ."

"ಯಾವಾಗ?"

"ತಿಂಗಳು ತಿಂಗಳು. ಮೊನ್ನೆ ತನಕ."

ಅತ್ತೆ ಸುತ್ತಿಗೆ ಕೆಳಗಿಟ್ಟರು. "ಸತ್ತವಳಿಗೆ ದುಡ್ಡು ಯಾಕೆ ಹಾಕಿದ್ರಿ?"

ಕಂತಿಗೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಕಂತನ್ನು ನೇರವಾಗಿ ಕಟ್ಟಲು ಬರುತ್ತದೆಯೇ ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲವಲ್ಲ, ಯಾಕೆ? "ಅವಳು ಹಾಕಿ ಅಂದಿದ್ಲು," ಎಂದರು. "ಬೇಡ ಅಂತ ಹೇಳಲಿಲ್ಲ. ಅದಕ್ಕೇ..."

ಅತ್ತೆ ಅವರ ಮುಖವನ್ನೇ ನೋಡಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಯೋಚನೆ ಮಾಡ್ತೀನಿ," ಎಂದು ಇನ್ನೊಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು.

ಒಪ್ಪಿದರೋ, ಇಲ್ಲವೋ? ದಾರಿಯುದ್ದಕ್ಕೂ ಮೇಷ್ಟ್ರು ಆ ಎರಡು ಮಾತನ್ನೇ ಮಗುಚಿ ಮಗುಚಿ ನೋಡಿದರು. ಗುಬ್ಬಿಗೆ ಏನು ಹೇಳುವುದೆಂದೂ ತೋಚಲಿಲ್ಲ. ಅವಳು ಆಗಲೇ ತನ್ನ ಪುಸ್ತಕಗಳನ್ನು ಒಂದು ರಟ್ಟಿನ ಡಬ್ಬಿಗೆ ತುಂಬಿಟ್ಟಿದ್ದಳು. "ಹೋಗೋದಾದ್ರೆ ಹೋಗೋಣ ಅಪ್ಪ, ಉಳಿಯೋದಾದ್ರೆ ಮತ್ತೆ ಜೋಡಿಸ್ತೀನಿ," ಎಂದಳು.

ಕೆಲವು ದಿನ ಕಳೆದು ಬ್ಯಾಂಕಿನ ಮೇಡಂ ಫೋನು ಮಾಡಿದರು. "ಸರ್, ಬೇಗ ಬನ್ನಿ. ನಿಮ್ಮ ಅತ್ತೆ ಬಂದು ಕೂತಿದ್ದಾರೆ. ಪ್ರತಿ ಕಾಗದನೂ ಜೋರಾಗಿ ಓದಿಸ್ತಿದ್ದಾರೆ. ನನ್ನ ಕ್ಯೂ ಬಾಗಿಲಾಚೆಗೆ ಹೋಗಿದೆ."

ಮೇಷ್ಟ್ರು ಓಡಿದರು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಕೆಳಗಡೆ ಬೀಗ ಹಾಕಿದವರು ಮೇಲ್ಗಡೆ ಬಂದು ಹೇಳೋಕೆ ಕಾಲಿರಲಿಲ್ವೇನಮ್ಮ?" ಎಂದು ಕೇಳುತ್ತಿದ್ದರು. ಮೇಡಂ ತಲೆ ತಗ್ಗಿಸಿ, ತಡವಾದದ್ದರ ದಂಡದಲ್ಲಿ ಒಂದಷ್ಟು ಮನ್ನಾ ಮಾಡಲು ಮೇಲಿನವರಿಗೆ ಬರೆಯುತ್ತೇನೆ ಎಂದರು. ಅತ್ತೆ ಸಹಿ ಹಾಕಿದರು. ದುಡ್ಡು ಅವರ ಖಾತೆಗೆ ಬಂದು, ಅಲ್ಲಿಂದ ನೇರ ಸಾಲಕ್ಕೆ ಹೋಯಿತು. ಉಳಿದ ದಂಡವನ್ನು ಸಣ್ಣ ಕಂತುಗಳಲ್ಲಿ ತೀರಿಸುವುದೆಂದಾಯಿತು. ಜಪ್ತಿಯ ಮಾತು ಸದ್ಯಕ್ಕೆ ನಿಂತಿತು.

"ಈಗ ಮನೆ ನಮ್ದಾ?" ಎಂದು ಕೇಳಿದರು ಮೇಷ್ಟ್ರು.

"ಸಾಲ ತೀರೋ ತನಕ ನಿಮ್ದೂ ಹೌದು, ನಮ್ದೂ ಹೌದು," ಎಂದರು ಮೇಡಂ.

ಹೊರಗೆ ಬಂದ ಮೇಲೆ ಮೇಷ್ಟ್ರು ಕೈ ಮುಗಿಯಲು ಹೋದರು. ಅತ್ತೆ ತಡೆದರು. "ಅವಳು ನನ್ನ ಹೆಸರು ಯಾಕೆ ತೆಗೀಲಿಲ್ಲ? ನಿಮಗೇನಾದ್ರೂ ಹೇಳಿದ್ಲಾ?"

"ಇಲ್ಲ ಅತ್ತೆ. ನಿಮಗೆ ಹೇಳಿರಬಹುದು ಅಂದ್ಕೊಂಡಿದ್ದೆ."

ಇಬ್ಬರೂ ಬಿಸಿಲಲ್ಲಿ ಬಸ್ ನಿಲ್ದಾಣದತ್ತ ನಡೆದರು. ತಮಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿಲ್ಲ ಎಂಬುದರಲ್ಲಿ ಮೇಷ್ಟ್ರಿಗೆ ಎಂಥದೋ ನೆಮ್ಮದಿ ಸಿಕ್ಕಿತು. ಅದು ಯಾಕೆ ನೆಮ್ಮದಿ ಎಂಬುದು ಮಾತ್ರ ಬಗೆಹರಿಯಲಿಲ್ಲ. "ಭಾನುವಾರ ಗುಬ್ಬಿನ ಕಳಿಸಿ," ಎಂದು ಅತ್ತೆ ಬಸ್ಸು ಹತ್ತಿದರು. ಅದು ಕೋರಿಕೆಯೋ, ಕರಾರೋ, ಅದೂ ತಿಳಿಯಲಿಲ್ಲ.

ಭಾನುವಾರ ಗುಬ್ಬಿಯನ್ನು ಅಂಗಡಿಗೆ ಬಿಟ್ಟರು. ಅವಳು ಒಳಗೆ ನುಗ್ಗಿ ಅಜ್ಜಿಯ ಸೊಂಟ ತಬ್ಬಿಕೊಂಡಳು. ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕೊನೆಗೆ ಅತ್ತೆ ತಲೆಯೆತ್ತದೆ, "ಕಂಬದ ಹಾಗೆ ನಿಂತ್ರೆ ಏನು ಬಂತು? ಬಟ್ಟೆ ಜಾರ್ತಿದೆ, ಆ ತುದಿ ಎಳೆದು ಹಿಡ್ಕೊಳ್ಳಿ," ಎಂದರು.

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಿಡಿದುಕೊಂಡರು.

"ಅಷ್ಟು ಬಿಗಿಯಾಗಿ ಅಲ್ಲ," ಎಂದರು ಅತ್ತೆ.