ನಲವತ್ತಕ್ಕೆ ಮೂವತ್ತೆರಡು

೧೯೮೯ರ ಫೆಬ್ರವರಿಯಲ್ಲಿ ನನಗೆ ಬಡ್ತಿಯಾಗಿ ವಿಶಾಖಪಟ್ಟಣದ ಒಂದು ಸಣ್ಣ ಸಿಗಾರ್ ಘಟಕಕ್ಕೆ ವರ್ಗವಾಯಿತು. ಹುದ್ದೆಯ ಹೆಸರು ಇವ್ಯಾಲ್ಯುಯೇಷನ್ ಆಫೀಸರ್. ಹೆಸರು ಕೇಳಿ ಹುಣಸೂರಿನ ನಮ್ಮ ನೆಂಟರೆಲ್ಲ ಭಾರೀ ಕೆಲಸ ಎಂದುಕೊಂಡರು. ಮಾಡುವುದು ಇಷ್ಟೇ: ದಿನಕ್ಕೆ ಮೂರು ಸಿಗಾರ್ ಸೇದುವುದು, ಅಂಕ ಕೊಡುವುದು, ಸಹಿ ಹಾಕುವುದು. "ಸೇದೋಕೂ ಸಂಬಳ ಕೊಡ್ತಾರಾ ಭಾವ, ನಂಗೂ ಅಲ್ಲೊಂದು ಕೆಲ್ಸ ನೋಡಿ" ಎಂದು ನನ್ನ ಭಾವಮೈದ ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದ. ಆ ಕೆಲಸಕ್ಕೆ ನಾನು ತೆತ್ತದ್ದೇನೆಂದು ಅವನಿಗೆ ಹೇಳಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಹೇಳಬಹುದು.

ಅದುವರೆಗೆ ನಾನು ಗುಂಟೂರಿನ ಕಡೆ ಹೊಗೆಸೊಪ್ಪಿನ ಎಲೆ ಗ್ರೇಡ್ ಮಾಡುತ್ತಿದ್ದೆ. ಹೆಂಡತಿ ಸರಳಾ ಬ್ಯಾಂಕಿನಲ್ಲಿ ಕ್ಲಾರ್ಕ್. ಅವಳಿಗೆ ವಿಜಯವಾಡದ ಶಾಖೆ. ಅಲ್ಲಿನ ಪಟಮಟದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಮಗಳು ಸುಮಾಗೆ ಆಗ ಒಂಬತ್ತು ವರ್ಷ, ಕನ್ನಡಕ್ಕಿಂತ ತೆಲುಗೇ ಅವಳ ಬಾಯಿಗೆ ಸಲೀಸು. ಇಬ್ಬರನ್ನೂ ಅಲ್ಲೇ ಬಿಟ್ಟು ನಾನೊಬ್ಬನೇ ಹೊರಟೆ. ಎರಡು ವಾರಕ್ಕೊಮ್ಮೆ ಶನಿವಾರ ರೈಲು ಹತ್ತಿ, ಮುನ್ನೂರೈವತ್ತು ಕಿಲೋಮೀಟರ್ ಕುಳಿತು, ಮನೆಗೆ ಬಂದು ಹೋಗುತ್ತಿದ್ದೆ.

ಸಿಗಾರ್ ಕಂಡಿಲ್ಲದವರಿಗೆ ಎರಡು ಮಾತು. ಅದರಲ್ಲಿ ಮೂರು ಪದರ ಇರುತ್ತದೆ. ಒಳಗೆ ತುಂಬುವ ಎಲೆ ಫಿಲ್ಲರ್, ಅದನ್ನು ಬಿಗಿಯಾಗಿ ಹಿಡಿದಿಡುವುದು ಬೈಂಡರ್, ಹೊರಗೆ ಕಾಣುವ ನುಣುಪಾದ ಎಲೆ ರ್‍ಯಾಪರ್. ಗಿರಾಕಿ ನೋಡುವುದು ರ್‍ಯಾಪರ್, ಸೇದುವುದು ಫಿಲ್ಲರ್. ಪರೀಕ್ಷೆಗೆ ಒಟ್ಟು ನೂರು ಅಂಕ. ನೋಟಕ್ಕೆ ಇಪ್ಪತ್ತು, ಹೊಗೆ ಸಲೀಸಾಗಿ ಬರುವುದಕ್ಕೆ ಇಪ್ಪತ್ತು, ಸುತ್ತಲೂ ಸಮನಾಗಿ ಉರಿಯುವುದಕ್ಕೆ ಇಪ್ಪತ್ತು. ಉಳಿದ ನಲವತ್ತು ಪರಿಮಳಕ್ಕೆ. ಬೆಂಕಿಕಡ್ಡಿಯ ಗಂಧಕದ ವಾಸನೆ ತಾಗಬಾರದೆಂದು ಮರದ ತೆಳು ಚಕ್ಕೆ ಉರಿಸಿ ಅದರಿಂದ ಹಚ್ಚಬೇಕು. ನಿಮಿಷಕ್ಕೊಂದು ದಮ್ಮು, ಹೆಚ್ಚಿಲ್ಲ. ಹೊಗೆ ಎದೆಗೆ ಇಳಿಯಬಾರದು. ಬಾಯಲ್ಲಿ ಆಡಿಸಿ, ಸ್ವಲ್ಪವನ್ನು ಮೂಗಿನಿಂದ ಬಿಡಬೇಕು. ಒಂದೊಂದು ಸಿಗಾರ್‌ಗೆ ಒಂದು ಗಂಟೆ ಹಿಡಿಯುತ್ತಿತ್ತು.

ಹೀಗಾಗಿ ಮೂಗೇ ನನ್ನ ಬಂಡವಾಳ. ಅದನ್ನು ಕಾಪಾಡಿಕೊಳ್ಳಲು ನಾನು ಪಟ್ಟ ಪಾಡು ನೆನೆದರೆ ಈಗ ನಗು ಬರುತ್ತದೆ. ಕಾಫಿ ಬಿಟ್ಟೆ. ಈರುಳ್ಳಿ, ಬೆಳ್ಳುಳ್ಳಿ, ಇಂಗು, ಉಪ್ಪಿನಕಾಯಿ ಎಲ್ಲವನ್ನೂ ಬಿಟ್ಟೆ. ಘಮಘಮ ಸೋಪಿಲ್ಲ, ಪೌಡರಿಲ್ಲ, ದೇವರಿಗೆ ಊದಿನಕಡ್ಡಿಯೂ ಇಲ್ಲ. ವಿಶಾಖಪಟ್ಟಣದ ನನ್ನ ಕೋಣೆಯಲ್ಲಿ ಅನ್ನ, ಮೊಸರು, ಬೇಯಿಸಿದ ತರಕಾರಿ. ಮೆಸ್ಸಿಗೆ ಕರೆದ ಸಹೋದ್ಯೋಗಿಗಳಿಗೆ ಬರುವುದಿಲ್ಲ ಎಂದೆ. ಒಂದು ತಿಂಗಳಲ್ಲಿ ಅವರೂ ಕರೆಯುವುದನ್ನು ಬಿಟ್ಟರು. ನಾನು ಊರಿಗೆ ಹೋದ ದಿನ ಸರಳಾ ಹೂ ಮುಡಿಯಕೂಡದು ಎಂದು ಅಪ್ಪಣೆ ಕೊಟ್ಟಿದ್ದೆ. ಟೆಸ್ಟಿಂಗ್ ರೂಮಿನಲ್ಲಿ ಒಂದು ಮೇಜು, ಒಂದೇ ಕುರ್ಚಿ. ಅಲ್ಲಿ ಮಾತಾಡುವಂತಿಲ್ಲ ಎಂಬ ನಿಯಮವನ್ನೂ ನಾನೇ ಮಾಡಿದ್ದೆ. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಒಂದು ಮಾತೂ ಆಡದೆ ಕೋಣೆಗೆ ಬಂದು ಬೀಗ ತೆಗೆಯುತ್ತಿದ್ದೆ. ತುಂಬಾ ಬೇಸರವಾಗುತ್ತಿತ್ತು. ಆದರೆ ಅದೇ ಶಿಸ್ತು ಎಂದು ಜಂಬವನ್ನೂ ಪಡುತ್ತಿದ್ದೆ.

ಘಟಕದಲ್ಲಿ ಸಿಗಾರ್ ಸುತ್ತುವವರು ಹದಿನಾಲ್ಕು ಮಂದಿ ಹೆಂಗಸರು. ಅವರಲ್ಲಿ ಹಿರಿಯಳು ಅಪ್ಪಲಮ್ಮ, ಮೀನುಗಾರರ ಕೇರಿಯವಳು. ವಯಸ್ಸು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ಆ ಕರಾವಳಿಯ ಹೆಂಗಸರಲ್ಲಿ ಒಂದು ರೂಢಿಯಿದೆ: ಚುಟ್ಟಾ ಸೇದುವಾಗ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟುಕೊಳ್ಳುತ್ತಾರೆ. ಕಡಲ ಗಾಳಿಗೆ ಬೆಂಕಿ ಆರಬಾರದಲ್ಲ, ಅದಕ್ಕೆ ಎನ್ನುತ್ತಾರೆ. ಅಂಗುಳಿಗೆ ಅದು ಕೇಡು ಎಂದು ಡಾಕ್ಟರರು ಹೇಳುತ್ತಿದ್ದರು, ಅವಳು ಕೇಳುತ್ತಿರಲಿಲ್ಲ. ರ್‍ಯಾಪರ್ ಹರಿದು ಪಕ್ಕಕ್ಕಿಟ್ಟ ಸಿಗಾರ್‌ಗಳನ್ನು ಸುತ್ತುವವರೇ ಇಟ್ಟುಕೊಳ್ಳಬಹುದಿತ್ತು. ಅಪ್ಪಲಮ್ಮ ಅಂಥದೊಂದನ್ನು ಹಚ್ಚಿ, ಬೆಂಕಿಯನ್ನು ಒಳಗೆ ತಿರುಗಿಸಿಕೊಂಡು, ಬಾಯಿ ಮುಚ್ಚಿ ಕೆಲಸ ಮಾಡುತ್ತಿದ್ದಳು. ನೂರು ಅಂಕದ ನನ್ನ ಶಾಸ್ತ್ರದ ಮುಂದೆ ಅದು ನನಗೆ ಕಾಡುಪದ್ಧತಿಯಾಗಿ ಕಾಣುತ್ತಿತ್ತು.

ಜೂನ್‌ನಲ್ಲಿ ನನಗೆ ಜ್ವರ ಬಂತು. ನೆಗಡಿ, ಮೈಕೈ ನೋವು, ಐದು ದಿನ ಮಲಗಿದೆ. ಕೋಣೆಯಲ್ಲಿ ಒಬ್ಬನೇ ಗಂಜಿ ಕಾಯಿಸಿಕೊಂಡು ಕುಡಿದು, ಆರನೆಯ ದಿನ ಕೆಲಸಕ್ಕೆ ಹೋದೆ. ಎಲ್ಲ ಮೊದಲಿನಂತೆಯೇ ನಡೆಯಿತು.

ಆಗಸ್ಟ್‌ನಲ್ಲಿ ನಮ್ಮ ಘಟಕದ ಮೊದಲ ದೊಡ್ಡ ರಫ್ತು ಸಿದ್ಧವಾಯಿತು. ಇಪ್ಪತ್ತೈದರಂತೆ ನೂರರವತ್ತು ಪೆಟ್ಟಿಗೆ, ನಾಲ್ಕು ಸಾವಿರ ಸಿಗಾರ್. ಗಿರಾಕಿ ಒಪ್ಪಿದರೆ ವರ್ಷವಿಡೀ ಕೆಲಸ. ವಾಪಸ್ಸು ಮಾಡಿದರೆ ಘಟಕ ಮುಚ್ಚುವುದು, ಹದಿನಾಲ್ಕು ಮಂದಿಯೂ ಮನೆಗೆ. ಮ್ಯಾನೇಜರ್ ಪ್ರಸಾದರಾವ್ ಇದನ್ನು ಎಲ್ಲರೆದುರೇ ಹೇಳಿದ್ದರು. ಅವರಿಗೆ ಹೊಗೆ ಎಂದರೆ ಆಗದು. ನನ್ನ ಸಹಿಯೇ ಅವರಿಗೆ ಕೊನೆಯ ಮಾತು.

ಗುರುವಾರ ಮಧ್ಯಾಹ್ನ ಅಪ್ಪಲಮ್ಮ ಟೆಸ್ಟಿಂಗ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅದೇ ಮಾಲಿನ ಒಂದು ಹರಿದ ಸಿಗಾರ್ ಅವಳ ಕೈಯಲ್ಲಿತ್ತು. "ಲೋಪಲ ಆಕು ಮುಕ್ಕಿಪೋಯಿಂದಿ ಬಾಬೂ" ಎಂದಳು. ಒಳಗಿನ ಎಲೆ ಮುಗ್ಗಲು ಹಿಡಿದಿದೆ ಎಂದರ್ಥ. ನಾನು ಅದೇ ಮಾಲಿನ ಸಿಗಾರ್ ಸೇದುತ್ತ ಕುಳಿತಿದ್ದೆ. ನನಗೇನೂ ಮುಗ್ಗಲು ಕಾಣಲಿಲ್ಲ.

"ನಿನ್ನ ಕೆಲಸ ಸುತ್ತುವುದು, ನನ್ನ ಕೆಲಸ ನೋಡುವುದು" ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಶುಕ್ರವಾರ ಸಹಿ ಹಾಕಿದೆ. ಪೆಟ್ಟಿಗೆಗಳು ಬಂದರಿನ ಗೋದಾಮಿಗೆ ಹೋದವು. ಹಡಗು ಬುಧವಾರ ಹೊರಡುವುದಿತ್ತು.

ಶನಿವಾರ ಪಟಮಟಕ್ಕೆ ಬಂದೆ. ಭಾನುವಾರ ಬೆಳಿಗ್ಗೆ ಸರಳಾ ಒಲೆಯ ಮೇಲೆ ಬೇಳೆ ಇಟ್ಟು, "ರೀ, ಸ್ವಲ್ಪ ನೋಡ್ಕೊಳ್ತಿರಿ" ಎಂದು ತರಕಾರಿಗೆ ಹೋದಳು. ಸುಮಾ ಬೀದಿಯಲ್ಲಿ ಆಡುತ್ತಿದ್ದಳು. ನಾನು ಅಡುಗೆಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದೆ. ಸುಮಾ ಬೀದಿಯಿಂದ ಓಡಿಬಂದಳು.

"ಅಪ್ಪಾ, ಬೇಳೆ ಮಾಡಿಪೋಯಿಂದಿ, ಸೀದುಹೋಗಿದೆ. ರೋಡ್ ತನಕ ವಾಸನೆ ಬರ್ತಿದೆ, ನಿಮಗೆ ಬರ್ಲಿಲ್ವಾ?"

ಅಡುಗೆಮನೆ ತುಂಬಾ ಹೊಗೆ. ಪಾತ್ರೆಯ ತಳ ಕರಿ ಇದ್ದಿಲು. ನಾನು ಅದರ ಮೇಲೆ ಬಗ್ಗಿ ನಿಂತೆ. ಕಣ್ಣು ಉರಿಯಿತು, ಗಂಟಲು ಕೆರೆಯಿತು, ವಾಸನೆ ಮಾತ್ರ ಇಲ್ಲ. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಕಾಫಿಪುಡಿ ಡಬ್ಬಿ ಹಿಡಿದೆ. ಸೀಮೆಎಣ್ಣೆಯ ಕ್ಯಾನ್ ಮುಚ್ಚಳ ಬಿಚ್ಚಿದೆ. ಎಲ್ಲವೂ ನೀರಿನಂತೆಯೇ ಇದ್ದವು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಸರಳಾ ಬಂದಳು. ತೆರೆದ ಡಬ್ಬಿಗಳ ನಡುವೆ ಕುಳಿತ ನನ್ನನ್ನು ಕಂಡು ಅವಳಿಗೆ ಅರ್ಥವಾಯಿತು.

"ಯಾವತ್ತಿಂದ ರೀ?"

"ಗೊತ್ತಿಲ್ಲ" ಎಂದೆ. ಅದು ನಿಜವಾಗಿಯೂ ಗೊತ್ತಿರಲಿಲ್ಲ. ವಾಸನೆಯಿಲ್ಲದ ಕೋಣೆಯಲ್ಲಿ, ವಾಸನೆಯಿಲ್ಲದ ಊಟ ಮಾಡಿಕೊಂಡು, ಯಾರೊಡನೆಯೂ ಮಾತಿಲ್ಲದೆ ಇದ್ದವನಿಗೆ ಮೂಗು ಹೋದದ್ದನ್ನು ಹೇಳುವವರು ಯಾರು? ಸಿಗಾರ್‌ನ ಕಹಿ, ಖಾರ ನಾಲಿಗೆಗೆ ತಿಳಿಯುತ್ತಿತ್ತು. ಅದನ್ನೇ ಪರಿಮಳವೆಂದುಕೊಂಡು, ಹಳೆಯ ನೆನಪಿನ ಮೇಲೆ ಅಂಕ ಕೊಡುತ್ತಿದ್ದೆ.

ಸರಳಾ ಚೀಲವನ್ನು ಕೆಳಗಿಟ್ಟಳು. "ನಿಮ್ಮ ಮೂಗು ಮೂಗು ಅಂತ ನೀವು ಬಂದಾಗೆಲ್ಲ ಹೂವಿಲ್ದೆ ಬೋಳುತಲೇಲಿ ಓಡಾಡಿದ್ನಲ್ರೀ ನಾನು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಂದೇ ಮಧ್ಯಾಹ್ನದ ರೈಲು ಹಿಡಿದೆ. ದಾರಿಯುದ್ದಕ್ಕೂ ಒಂದು ಯೋಚನೆ ಕಾಡಿತು, ಅದನ್ನು ಮುಚ್ಚಿಡುವುದಿಲ್ಲ. ಮಾಲನ್ನು ತಡೆಯಲೇಬೇಕು. ಆದರೆ 'ಮತ್ತೊಮ್ಮೆ ಸೇದಿ ನೋಡಿದೆ, ಮುಗ್ಗಲು ಕಂಡುಹಿಡಿದೆ' ಎಂದುಬಿಟ್ಟರೆ ಮಾಲೂ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ, ಮೇಲೊಂದು ಶಭಾಸ್‌ಗಿರಿಯೂ ಸಿಗುತ್ತದೆ. ಅಪ್ಪಲಮ್ಮ ಹೇಳಿದಳೆಂದು ಯಾರಿಗೂ ಗೊತ್ತಿಲ್ಲ. ರಾಜಮಹೇಂದ್ರಿಯಲ್ಲಿ ಗೋದಾವರಿ ದಾಟುವಷ್ಟರಲ್ಲಿ ಹಾಗೇ ಮಾಡುವುದೆಂದು ನಿಶ್ಚಯವನ್ನೂ ಮಾಡಿದ್ದೆ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಬರುವ ಮೊದಲೇ ಹೋಗಿ ನನ್ನ ಹಳೆಯ ಅಂಕಪಟ್ಟಿಗಳನ್ನು ತೆಗೆದೆ. ಜ್ವರಕ್ಕೆ ಮೊದಲು ಪರಿಮಳದ ಕಾಲಂನಲ್ಲಿ ಇಪ್ಪತ್ತಾರು, ಮೂವತ್ತೈದು, ಮೂವತ್ತು ಎಂದು ಬಗೆಬಗೆಯ ಅಂಕಗಳಿದ್ದವು. ಜ್ವರದ ನಂತರ ಪುಟದ ಮೇಲೆ ಪುಟ ಒಂದೇ ಅಂಕ: ನಲವತ್ತಕ್ಕೆ ಮೂವತ್ತೆರಡು. ನನ್ನದೇ ಅಕ್ಷರ, ನನ್ನದೇ ಸಹಿ.

ಅಪ್ಪಲಮ್ಮ ಆಗ ತಾನೇ ಬಂದು ಮಣೆ ಒರೆಸುತ್ತಿದ್ದಳು. ಅವಳ ಹತ್ತಿರ ಹೋಗಿ, ನಿನ್ನ ಮಾತು ನಿಜ, ನನ್ನ ಮೂಗು ಹೋಗಿದೆ ಎಂದೆ. ನಮ್ಮ ಮಾತೆಲ್ಲ ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಗೊತ್ತು ಬಾಬೂ. ಮೊದಲು ಕೆಲಸಕ್ಕೆ ಬರ್ತಾ ನಮ್ಮ ಕೇರಿಯ ಒಣಮೀನಿನ ಅಂಗಳ ದಾಟುವಾಗ ಕರವಸ್ತ್ರ ಹಿಡ್ಕೊಂಡು ಓಡ್ತಿದ್ರಿ. ಈಗ ಆರಾಮಾಗಿ ನಡ್ಕೊಂಡು ಹೋಗ್ತೀರಿ."

ನಾನು ಅದಕ್ಕೆ ಒಗ್ಗಿಹೋದೆ ಎಂದುಕೊಂಡಿದ್ದೆ. "ಮತ್ತೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಯಾರಿಗೆ ಹೇಳೋದು? ನೀವು ಯಾರ ಜೊತೆನೂ ಮಾತೇ ಆಡಲ್ವಲ್ಲ."

ರೈಲಿನಲ್ಲಿ ಮಾಡಿದ್ದ ನಿಶ್ಚಯ ಅಲ್ಲಿಗೆ ಮುಗಿಯಿತು. ಪ್ರಸಾದರಾವ್ ಬಂದ ಕೂಡಲೇ ಅವಳನ್ನು ಜೊತೆಗೆ ಕರೆದುಕೊಂಡು ಒಳಗೆ ಹೋದೆ. ಮಾಲು ಕೆಟ್ಟಿದೆ, ಹಿಡಿದದ್ದು ಇವಳು, ಎರಡು ತಿಂಗಳಿಂದ ನನ್ನ ಸಹಿಗೆ ಬೆಲೆಯಿಲ್ಲ ಎಂದು ನಿಂತುಕೊಂಡೇ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಡಗು ಬುಧವಾರ ಅಲ್ವಾ?"

ಮಧ್ಯಾಹ್ನದೊಳಗೆ ಪೆಟ್ಟಿಗೆಗಳು ಬಂದರಿನಿಂದ ವಾಪಸ್ಸು ಬಂದವು. ಹತ್ತು ಸಿಗಾರ್ ಸೀಳಿ ನೋಡಿದೆವು. ಏಳರ ಫಿಲ್ಲರ್‌ನಲ್ಲಿ ಬೂದುಬಣ್ಣದ ತೆಳು ಬೂಷ್ಟು. ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟಿದ್ದ ಎಲೆಯ ಬೇಲ್‌ಗಳಿಗೆ ತೇವ ಹಿಡಿದಿತ್ತು. ಗಿರಾಕಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದೆವು. ಗೊಣಗಿಕೊಂಡೇ ಆರು ವಾರ ಕಾಲ ಕೊಟ್ಟ. ಹೆಂಗಸರು ಒಳ್ಳೆಯ ಎಲೆಯಲ್ಲಿ ಎಲ್ಲವನ್ನೂ ಹೊಸದಾಗಿ ಸುತ್ತಿದರು. ಘಟಕ ಉಳಿಯಿತು.

ಮೂಗಿನ ಡಾಕ್ಟರರು ಪರೀಕ್ಷೆ ಮಾಡಿ, ಜ್ವರದಲ್ಲಿ ನರ ಹೋಗಿದೆ, ಬಂದರೆ ಬಂತು ಎಂದರು. ಬರಲಿಲ್ಲ. ನನ್ನ ಜಾಗಕ್ಕೆ ಹೊಸಬರು ಸಿಗುವವರೆಗೆ ಇರಲು ಪ್ರಸಾದರಾವ್ ಹೇಳಿದರು. ಟೆಸ್ಟಿಂಗ್ ರೂಮಿಗೆ ಇನ್ನೊಂದು ಕುರ್ಚಿ ತರಿಸಿದೆ. ನಾನು ನೋಟ, ಬೂದಿ, ಉರಿ ನೋಡುತ್ತಿದ್ದೆ. ಅಪ್ಪಲಮ್ಮ ಬೆಂಕಿಯನ್ನು ಬಾಯೊಳಗಿಟ್ಟು ಸೇದಿ, ಹೊರತೆಗೆದು, ಪರಿಮಳ ಹೇಳುತ್ತಿದ್ದಳು. ಪರಿಮಳದ ಅಂಕದ ಪಕ್ಕ ಅವಳ ಹೆಸರನ್ನೇ ಬರೆದೆ. ಸಿಗಾರ್ ಕೆಟ್ಟಿದ್ದರೆ ಇಬ್ಬರೂ ಬೈದುಕೊಂಡು ನಗುತ್ತಿದ್ದೆವು. ಅಲ್ಲಿ ನಾನು ಮಾತಾಡಿದ್ದು ಆ ಎರಡು ತಿಂಗಳು ಮಾತ್ರ. ಹೊರಡುವ ದಿನ, ಇಷ್ಟು ದಿನ ಇದನ್ನು ಯಾಕೆ ಮಾಡಲಿಲ್ಲ ಎಂದು ನನ್ನನ್ನೇ ಹಳಿದುಕೊಂಡೆ.

ಅಕ್ಟೋಬರ್ ಕೊನೆಗೆ ವಿಜಯವಾಡದ ಡಿಪೋಗೆ ವರ್ಗವಾಯಿತು. ಸಣ್ಣ ಹುದ್ದೆ; ಆಟೋನಗರ್ ಹತ್ತಿರ ಲಾರಿಗಳಿಗೆ ಮಾಲು ಹತ್ತಿಸುವುದನ್ನು ನೋಡಿಕೊಳ್ಳುವ ಕೆಲಸ. ಅದಕ್ಕೆ ಮೂಗು ಬೇಕಿರಲಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಕಲಿತ ಪಾಠ ಇದೊಂದೇ: ಪರೀಕ್ಷೆ ಮಾಡುವವನು ತನ್ನನ್ನು ಪರೀಕ್ಷೆ ಮಾಡುವವರನ್ನು ಹತ್ತಿರ ಇಟ್ಟುಕೊಂಡಿರಬೇಕು. ಕೆಟ್ಟಿದ್ದೀಯ ಎಂದು ಹೇಳಲು ಒಬ್ಬರಾದರೂ ಬೇಕು.

ವಾಪಸ್ಸು ಬಂದ ದಿನ ಸಂಜೆ ಸರಳಾ ಮಲ್ಲಿಗೆ ಮುಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಎಂಟು ತಿಂಗಳ ನಂತರ ನನ್ನೆದುರು ಮುಡಿದ ಮೊದಲ ಹೂ.

"ಹೇಗಿದೆ?" ಎಂದಳು.

"ಚೆನ್ನಾಗಿದೆ."

"ನಲವತ್ತಕ್ಕೆ ಎಷ್ಟು?"

"ಮೂವತ್ತೆರಡು" ಎಂಬ ಮಾತು ಬಾಯಿಂದ ತಾನಾಗಿ ಬಂದುಬಿಟ್ಟಿತು.

ಅವಳು ನಗಲಿಲ್ಲ. ಜಡೆಯಿಂದ ದಂಡೆ ಬಿಚ್ಚಿ, ತಾನೇ ಮೂಸಿ ನೋಡಿ, ನನ್ನ ಅಂಗೈಯಲ್ಲಿಟ್ಟಳು. "ನಿನ್ನೆ ಹೂವು ರೀ ಇದು, ಬಾಡಿದೆ. ಇಪ್ಪತ್ತು ಅಂತ ಬರ್ಕೊಳ್ಳಿ" ಎಂದಳು.