ಟ್ರೇಲರ್ ಮನೆಯ ಬಚ್ಚಲು

ಭತ್ತ ಒಕ್ಕಿದ ದಿನ ಮೈಗೆ ಹತ್ತುವ ಸುಂಕು ಬರೀ ಧೂಳಲ್ಲ. ಅದು ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ, ರವಿಕೆಯ ಹೊಲಿಗೆಯ ಒಳಗೆ ಕೂತು ಕಚ್ಚುತ್ತದೆ. ಬಿಸಿನೀರು ಹುಯ್ದು ಉಜ್ಜಿದ ಹೊರತು ಬಿಡುವುದಿಲ್ಲ. ಪಾಂಡವಪುರದ ಕಡೆಯ ಪುಟ್ಟಲಕ್ಷ್ಮಮ್ಮನಿಗೆ ಗಂಡ ಚೆಲುವಯ್ಯ ಒಕ್ಕಣೆ ಮಿಷನ್ನು ತಂದ ಮೇಲೆ ಸುಗ್ಗಿ ಪೂರ್ತಿ ಇದೇ ಪಾಡಾಯಿತು. ಗಂಡಸರು ಮಿಷನ್ನು ಎಳೆದುಕೊಂಡು ಊರೂರು ಸುತ್ತುವರು. ಅವರಿಗೆ ಮುದ್ದೆ ತಿರುವುವುದಕ್ಕೆ ಇವಳೂ ಹೋಗಬೇಕು. ಹಗಲೆಲ್ಲ ಮಿಷನ್ನಿನ ಬಾಯಿಂದ ಹುಲ್ಲು ಎಳೆಯುವುದು, ಸಂಜೆ ಒಲೆ ಮುಂದೆ ಕೂರುವುದು.

ಗಂಡಸರು ನಾಲೆಗೆ ಬಿದ್ದು ಮಿಂದು ಬರುತ್ತಿದ್ದರು. ಇವಳು ಹುಲ್ಲಿನ ಮೆದೆಯ ಹಿಂದೆ ಒಂದು ಸೀರೆ ಅಡ್ಡ ಕಟ್ಟಿ, ಉಟ್ಟ ಸೀರೆಯ ಮೇಲೆಯೇ ನಾಲ್ಕು ಚೊಂಬು ಹುಯ್ದುಕೊಳ್ಳುವಳು. ಅಷ್ಟರಲ್ಲೇ ಏರಿಯ ಮೇಲೆ ಯಾವನಾದರೂ ಬೀಡಿ ಹಚ್ಚಿಕೊಂಡು ನಿಂತಿರುತ್ತಿದ್ದ. ಕೆಮ್ಮಿದರೆ ಹೋಗುತ್ತಿರಲಿಲ್ಲ, ತಾನೂ ಒಂದು ಸಲ ಕೆಮ್ಮುತ್ತಿದ್ದ. ಆ ನೋಟ ಮೈಮೇಲೆ ಬಸವನಹುಳು ಹರಿದು ಹೋದ ಹಾಗೆ. ಎಷ್ಟು ಉಜ್ಜಿದರೂ ಅದರ ಲೋಳೆ ಹೋಗದು.

ತೊಂಬತ್ತನಾಲ್ಕರ ದೀಪಾವಳಿ ಕಳೆದ ಮೇಲೆ ಅವಳು ಗಂಡನಿಗೆ ಹೇಳಿಬಿಟ್ಟಳು. "ಬಾಗ್ಲಿರೋ ಬಚ್ಚಲು ಮಾಡ್ಸಿದ್ರೆ ಬತ್ತೀನಿ. ಇಲ್ದಿದ್ರೆ ನಿಮ್ ಮುದ್ದೆ ನೀವೇ ತಿರುವ್ಕಳಿ."

ಚೆಲುವಯ್ಯ ಮಾತು ಕಡಿಮೆಯ ಆಸಾಮಿ. ಎರಡು ದಿನ ತಲೆ ಕೆರೆದುಕೊಂಡು, ವೆಲ್ಡಿಂಗ್ ಕುಳ್ಳಯ್ಯನ ಶೆಡ್ಡಿಗೆ ಟ್ರ್ಯಾಕ್ಟರಿನ ಟ್ರೇಲರು ತಂದು ನಿಲ್ಲಿಸಿದ. ಟ್ರೇಲರಿನ ಮೇಲೆ ಒಂದು ಪೆಟ್ಟಿಗೆ ಮನೆ ಕೂರಬೇಕು. ಆದರೆ ಹಗಲು ಗದ್ದೆಯಿಂದ ಕಣಕ್ಕೆ ಹೊರೆ ಹೊರುವುದಕ್ಕೆ ಟ್ರೇಲರು ಖಾಲಿ ಬೇಕು. ಅದಕ್ಕೆ ಕುಳ್ಳಯ್ಯ ಪೆಟ್ಟಿಗೆಯ ನಾಲ್ಕು ಮೂಲೆಗೂ ಕಬ್ಬಿಣದ ಪೈಪಿನ ಕಾಲು ಕೊಟ್ಟ. ಊರು ಮುಟ್ಟಿದ ಮೇಲೆ ಜಾಕಿ ಕೊಟ್ಟು ಒಂದೊಂದು ಮೂಲೆ ಎತ್ತಿ, ಕಾಲು ಇಳಿಸಿ, ಪಿನ್ನು ಹೊಡೆದು, ಟ್ರೇಲರನ್ನು ಕೆಳಗಿಂದ ಎಳೆದುಕೊಂಡರೆ ಮನೆ ಅಟ್ಟಣೆಯ ಹಾಗೆ ನಿಲ್ಲುತ್ತಿತ್ತು. ಸುತ್ತ ತಗಡು, ತಳಕ್ಕೆ ಹಲಗೆ. ಬಾಗಿಲ ಪಕ್ಕದ ಮೂಲೆಯಲ್ಲಿ ಬಚ್ಚಲು. ಪುಟ್ಟಲಕ್ಷ್ಮಮ್ಮ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಣಕೈ ಆಚೀಚೆ ಆಡಿಸಿ, "ಇನ್ನೊಂದು ಗೇಣು ಬುಡಣ್ಣ" ಎಂದು ಅಳತೆ ಕೊಟ್ಟಿದ್ದಳು. ನೀರು ಹೋಗಲು ತೂತು ಬಿಟ್ಟ ತಗಡಿನ ತಳವೂ ಸಿದ್ಧವಾಯಿತು.

ಆಗ ನಾಗಮಂಗಲದಿಂದ ಅವಳ ಭಾವ, ಚೆಲುವಯ್ಯನ ಅಣ್ಣ ಚಿಕ್ಕಸ್ವಾಮಿ ಬಂದ. ವಾಸ್ತು ಹೇಳುವವನೊಬ್ಬನ ಮಾತು ಕೇಳಿ ತನ್ನ ಮನೆಯ ಬಾವಿ ಮುಚ್ಚಿಸಿ, ಚೆನ್ನಾಗಿದ್ದ ಮೆಟ್ಟಿಲು ಒಡೆಸಿ, ಈಗ ಏಣಿ ಹಾಕಿಕೊಂಡು ಅಟ್ಟ ಹತ್ತುತ್ತಿದ್ದ ಮನುಷ್ಯ. ಟ್ರೇಲರನ್ನು ಒಂದು ಸುತ್ತು ಹಾಕಿದ.

"ಬಾಗ್ಲು ಯಾವಾಗ್ಲೂ ಪೂರ್ವಕ್ಕೇ ಇರ್ಬೇಕು ಕಣ್ಲಾ ಚೆಲುವ. ಅಂಗಿದ್ರೆ ಈ ಬಚ್ಚಲು ಈಸಾನ್ಯಕ್ಕೆ ಬಂತಲ್ಲ. ದೇವ್ರ ಮೂಲೇಲಿ ಕೊಳೆ ನೀರಾ?"

"ಈ ಮೂಲೆಗೆ ತಳ್ತೀನಿ ಬುಡಿ ಗೌಡ್ರೆ," ಎಂದ ಕುಳ್ಳಯ್ಯ.

"ಅದು ಅಗ್ನಿ ಮೂಲೆ. ಬೆಂಕಿಗೆ ನೀರು ಉಯ್ತೀಯಾ?"

"ಹಿಂದ್ಗಡೆ?"

"ಅದು ಯಜಮಾನನ ಮೂಲೆ. ಅದ್ರ ಪಕ್ಕದ್ದು ದವಸದ್ದು."

ಪುಟ್ಟಲಕ್ಷ್ಮಮ್ಮ ಕಂಬದ ಮರೆಯಲ್ಲೇ ನಿಂತು ಕೇಳಿದಳು. "ಗಾಡಿ ತಿರುಗಿದ್ರೆ ಮೂಲೇನೂ ತಿರುಗ್ತದಲ್ಲ ಭಾವ?"

"ಅದ್ಕೇ ಕಣವ್ವ, ಗಾಡಿ ತಿರುಗಿಸ್ಬಾರ್ದು ಅನ್ನೋದು. ಎಲ್ಲೇ ನಿಲ್ಸಲಿ, ಬಾಗ್ಲು ಪೂರ್ವಕ್ಕೇ ನಿಲ್ಲಿಸ್ಬೇಕು."

ನಾಲ್ಕು ಮೂಲೆಗೂ ಒಬ್ಬೊಬ್ಬ ಒಡೆಯ ಸಿಕ್ಕಿದ, ಬಚ್ಚಲಿಗೆ ಜಾಗ ಸಿಗಲಿಲ್ಲ. ಚೆಲುವಯ್ಯ ಅಣ್ಣ ಹೇಳಿದ್ದಕ್ಕೆ ತಲೆಯಾಡಿಸಿದ. ತಗಡಿನ ತಳ ಕಿತ್ತು ಅಲ್ಲಿಗೂ ಹಲಗೆ ಬಡಿದರು. ಕರಿಘಟ್ಟದ ವೆಂಕಟರಮಣನ ಪಟಕ್ಕೆ ಗೂಡು ಮಾಡಿದರು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪಾಯಸ ಉಂಡು ಬಾಯಿ ಒರೆಸಿಕೊಂಡರು. ಇವಳು ಪಾಯಸ ಮುಟ್ಟಲಿಲ್ಲ.

"ಈ ಸಲ ಬತ್ತೀನಿ," ಎಂದಳು ಗಂಡನಿಗೆ. "ಅಕ್ಕಿಹೆಬ್ಬಾಳಿನ ಒಕ್ಕಣೆ ಮುಗಿಯೋ ಹೊತ್ಗೆ ಬಚ್ಚಲು ಆಗ್ಲಿಲ್ಲ ಅಂದ್ರೆ, ಅಲ್ಲೇ ರೈಲು ಹತ್ಕಂಡು ನಮ್ಮವ್ವನ ಮನೆಗೆ ಹೋಯ್ತೀನಿ. ಆಮ್ಯಾಕೆ ಕರೆಯೋಕೆ ಬರ್ಬೇಡಿ."

ಮೊದಲು ಕಿರಂಗೂರು. ನಾಲೆ ಏರಿಯ ಮಗ್ಗುಲಲ್ಲಿ, ಎತ್ತಿನ ಗಾಡಿ ತಿರುಗುವುದೇ ಕಷ್ಟವಾದ ಕಣದಲ್ಲಿ, ಡ್ರೈವರ್ ತಿಮ್ಮೇಶ ಹಿಂದೆ ಮುಂದೆ ಮಾಡಿ ಮಾಡಿ ಬೆವೆತು ಹೋದ. "ಮದ್ವೆ ಎಣ್ಣು ಕೂರ್ಸೋದಕ್ಕೂ ಇಷ್ಟು ದಿಕ್ಕು ನೋಡಾಕಿಲ್ಲ ಕಣಕ್ಕ," ಎಂದ. ಒಂದು ಚಕ್ರ ಕೆಸರಿಗಿಳಿದು ಅರ್ಧ ದಿನ ಹೋಯಿತು. ಮನೆ ಮಾತ್ರ ಪೂರ್ವಕ್ಕೇ ನಿಂತಿತು.

ಹೆಂಗಸಿಗೆಂದು ಕಟ್ಟಿದ ಮನೆಗೆ ಮೊದಲು ಹತ್ತಿದವರು ಗಂಡಸರು. ಊಟವಾದ ಕೂಡಲೇ ನಾಲ್ಕು ಜನ ಒಳಗೆ ಉರುಳಿಕೊಳ್ಳುವರು. ಬೆವರು ಕುಡಿದ ಬನಿಯನ್ನು ದೇವರ ಗೂಡಿನ ಮೊಳೆಗೇ ತಗಲಿಹಾಕುವರು. ಬೀಡಿ ತುಂಡು, ಕಡಲೆಕಾಯಿ ಸಿಪ್ಪೆ ಎಲ್ಲ ಹಲಗೆಯ ಸಂದಿಗೆ. ಬೆಳಿಗ್ಗೆ ಕಸ ಗುಡಿಸಲು ಬಾಗಿಲು ತೆಗೆದರೆ ಹಳಸಿದ ಹುಳಿಯ ನಾತ ಮುಖಕ್ಕೆ ಹೊಡೆಯುತ್ತಿತ್ತು. ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಗುಡಿಸುವಳು. ಮಲಗುವುದು ಹೊರಗೆ, ಹುಲ್ಲಿನ ಮೇಲೆ.

ಟ್ರೇಲರು ಹೊರೆಗೆ ಹೋದ ಮೇಲೆ ಪೆಟ್ಟಿಗೆಯ ಕೆಳಗೆ ಎದೆಮಟ್ಟದ ಜಾಗ ಉಳಿಯುತ್ತಿತ್ತು. ಒಂದು ದಿನ ಅವಳು ನಾಲ್ಕು ಕಾಲಿಗೂ ಗೋಣಿಚೀಲ ಕಟ್ಟಿ, ಒಳಗೊಂದು ಚಪ್ಪಟೆ ಕಲ್ಲು ಹಾಕಿಕೊಂಡಳು. ಕಾಲಿನ ಬುಡ ನೆನೆಯದ ಹಾಗೆ ನೀರಿಗೆ ಸಣ್ಣ ಕಾಲುವೆ ತೋಡಿದಳು. ಕೂತರೆ ತಲೆ ತಾಗುತ್ತಿರಲಿಲ್ಲ. ಗಂಡಸರು ಗದ್ದೆಯಲ್ಲಿದ್ದಾಗ, ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ಬೇಗ ಬೇಗ ಮಿಂದು ಬರುವಳು. ಇದು ಬಚ್ಚಲಲ್ಲ, ಹಂದಿ ಗೂಡು ಎಂದು ಅವಳಿಗೂ ಗೊತ್ತಿತ್ತು. ಮೇಲೆ ಹಲಗೆಯ ಸಂದಿಯಲ್ಲಿ ಉಳಿದ ಬೀಡಿ ಬೂದಿ ನೆತ್ತಿಗೆ ಉದುರುತ್ತಿತ್ತು.

ಅಕ್ಕಿಹೆಬ್ಬಾಳಿಗೆ ಬಂದಾಗಲೂ ಹಾಗೇ ನಡೆಯಿತು. ಒಕ್ಕಣೆಯ ಕಡೆಯ ದಿನ ಮಧ್ಯಾಹ್ನ ಮೇಲೆ ಇಣುಕಿ ನೋಡಿ, ನೀರು ತರಲು ಒಲೆಯ ಹತ್ತಿರ ಹೋದಳು. ಆ ಹೊತ್ತಿನಲ್ಲೇ ಚಿಕ್ಕಸ್ವಾಮಿ ಬಂದು ಏಣಿ ಹತ್ತಿ ಒಳಗೆ ಕೂತದ್ದು ಅವಳಿಗೆ ಕಾಣಲಿಲ್ಲ. ನೀರು ಹೊತ್ತು ಗೋಣಿಯೊಳಗೆ ಹೋಗಿ, ಸೀಗೆಪುಡಿ ಉಜ್ಜಿ, ತೊಳೆದು, ಎದೆಮಟ್ಟಕ್ಕೆ ಸೀರೆ ಸುತ್ತಿಕೊಂಡಳು. ಅಷ್ಟರಲ್ಲಿ ತಲೆಯ ಮೇಲೆ ಹಲಗೆ ಕಿರುಗುಟ್ಟಿತು. ಯಾರೋ ಗಂಟಲು ಕ್ಯಾಕರಿಸಿದರು. ಬಾಗಿಲ ಪಕ್ಕದ ಹಲಗೆಯ ಸಂದಿಯಿಂದ ಬೆಚ್ಚಗಿನದೊಂದು ಅವಳ ಹೆಗಲ ಮೇಲೆ ಬಿತ್ತು. ಎಲೆ ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಜಗಿದ ಉಗುಳು. ಕೆಂಪಗೆ, ನಾರು ನಾರಾಗಿ, ಎದೆಯ ಕಡೆಗೆ ಇಳಿಯುತ್ತಿತ್ತು.

ಅವಳು ಅದನ್ನು ಒರೆಸಲಿಲ್ಲ, ತೊಳೆಯಲೂ ಇಲ್ಲ. ಹಾಗೇ ಹೊರಗೆ ಬಂದಳು.

ಗೋಣಿ ಅಲುಗಿದ್ದು ನೋಡಿ ಚಿಕ್ಕಸ್ವಾಮಿ ಬಾಗಿಲಿಗೆ ಬಂದು ಇಣುಕಿದ. "ಏನವ್ವ ಇದು? ದೇವ್ರು ಮೇಲೆ ಕುಂತವ್ನೆ, ಕೆಳ್ಗೆ ಎಂಗಸು ಮೈ ತೊಳೆಯೋದಾ? ಮನೆ ಉದ್ಧಾರ ಆದಂಗೇ."

"ದೇವ್ರ ಮುಂದೆ ಕುಂತು ಉಗಿಯೋದು ಯಾವ ಸಾಸ್ತ್ರ ಭಾವ?"

ಅವನ ಕಣ್ಣು ಅವಳ ಹೆಗಲಿಗೆ ಹೋಯಿತು. "ನಾನು ನೋಡ್ಲಿಲ್ಲ ಕಣವ್ವ. ಕೆಳ್ಗೆ ಬರೀ ನೆಲ ಅಂದ್ಕಂಡೆ. ಮಂಡಿನೋವು, ಇಳಿದು ಹತ್ತೋಕಾಗಾಕಿಲ್ಲ."

ಹೊರೆ ಇಳಿಸುತ್ತಿದ್ದ ತಿಮ್ಮೇಶ ಟ್ರೇಲರಿನ ಮೇಲಿಂದಲೇ ಕೇಳಿದ. "ದೊಡ್ಡ ಗೌಡ್ರೆ, ಉಗಿದಿದ್ದು ಈಸಾನ್ಯಕ್ಕೋ ಅಗ್ನಿ ಮೂಲೆಗೋ? ಸರ್ಯಾಗಿ ನೋಡ್ಕಂಡು ಉಗಿದ್ರಾ?"

"ಮುಚ್ಕಂಡು ಕೆಲ್ಸ ನೋಡ್ಲಾ."

ಚೆಲುವಯ್ಯ ಮಿಷನ್ನಿನ ಹತ್ತಿರದಿಂದ ಬಂದ. ಹೆಂಡತಿ ಅವನ ಕಡೆ ಹೆಗಲು ತಿರುಗಿಸಿ ನಿಂತಳು. "ಒಕ್ಕಣೆ ಇವತ್ತಿಗೆ ಮುಗೀತು. ಬೆಳಗಿನ ರೈಲಿಗೆ ನಾನು ಹೊಂಟೆ. ಅದ್ಕೆ ಮುಂಚೆ ಇದನ್ನ ಒಂದ್ಸಲ ನೋಡ್ಬುಡಿ."

ಅವನು ನೋಡಿದ. ಆಮೇಲೆ ಏಣಿ ಹತ್ತಿ ಒಳಗೆ ಹೋದ. ಮೊಳೆಯ ಬನಿಯನ್ನು ತೆಗೆದು ಹೊರಗೆಸೆದು, ಪಟ ಇಳಿಸಿ, ಕಣ್ಣಿಗೊತ್ತಿಕೊಂಡು, ತನ್ನ ಒಗೆದ ಟವೆಲ್ಲಿನಲ್ಲಿ ಸುತ್ತಿ ಅಣ್ಣನ ಕೈಗಿಟ್ಟ.

"ಅಣ್ಣ, ಪಟ ನಿನ್ ಮನೇಲಿರ್ಲಿ. ನಿನ್ ಸಾಸ್ತ್ರನೂ ಅಲ್ಲೇ ಇರ್ಲಿ."

"ಲೇ ಚೆಲುವ, ನಾಳೆ ಏನಾರ ಆದ್ರೆ ನನ್ನ ಅನ್ಬೇಡ."

"ಆಗೋದು ಇವತ್ತೇ ಆಗೋಯ್ತು ಕಣಣ್ಣ. ಇಳಿ."

ತಿಮ್ಮೇಶ ಕೈ ಹಿಡಿದು ಅವನನ್ನು ಇಳಿಸಿದ. ಟವೆಲ್ಲಿನ ಗಂಟು ಎದೆಗವಚಿಕೊಂಡು ಅವನು ಕೆ.ಆರ್. ಪೇಟೆ ಬಸ್ಸು ಬರುವ ರಸ್ತೆಯ ಕಡೆ ಕುಂಟುತ್ತಾ ಹೋದ. ದಾರಿಯಲ್ಲೂ ಎರಡು ಸಲ ಉಗಿದ. ಪುಟ್ಟಲಕ್ಷ್ಮಮ್ಮ ಮುಖ ತಿರುಗಿಸಿಕೊಂಡಳು.

ಚೆಲುವಯ್ಯ ಹಾರೆ ಹಾಕಿ ಬಾಗಿಲ ಪಕ್ಕದ ಮೂಲೆಯ ಹಲಗೆ ಕಿತ್ತ. ಡೀಸೆಲ್ ಡಬ್ಬಗಳ ಕೆಳಗೆ ಹಾಕಿದ್ದ ತಗಡಿನ ತಳವನ್ನು ತಂದು ಕೂರಿಸಿ ಮೊಳೆ ಹೊಡೆದ. ಮೂಲೆಗೆ ಅಡ್ಡಲಾಗಿ ಟಾರ್ಪಾಲು ಕಟ್ಟಿದ. ಅವಳು ಹುಣಿಸೆಹಣ್ಣು, ಬೂದಿ ಹಾಕಿ ತಗಡನ್ನು ಡೀಸೆಲ್ ವಾಸನೆ ಹೋಗುವ ತನಕ ಉಜ್ಜಿದಳು. ಗಂಡಸರ ಹಾಸಿಗೆಗಳನ್ನು ಒಂದೊಂದಾಗಿ ಕಾಲಿನಿಂದ ತಳ್ಳಿ ಕಣಕ್ಕೆ ಬೀಳಿಸಿದಳು.

"ಇನ್ನು ಮಿಂದ್ಕಬೌದು," ಎಂದ ಚೆಲುವಯ್ಯ.

"ಬಾಗ್ಲಿಗೆ ಒಳಗಿಂದ ಚಿಲ್ಕ ಎಲ್ಲಿ?"

ಅವನು ದೇವರ ಗೂಡಿನ ಮೊಳೆ ಕಿತ್ತು, ತಂತಿ ಬಗ್ಗಿಸಿ ಚಿಲಕ ಮಾಡಿದ. ಅವಳು ಎರಡು ಸಲ ಹಾಕಿ ತೆಗೆದು ನೋಡಿದಳು. ರೈಲಿನ ಮಾತು ಮತ್ತೆ ಆಡಲಿಲ್ಲ.

ಕಿತ್ತ ಹಲಗೆಗಳನ್ನು ಕಡ್ಡಿಯಿಂದ ತಳ್ಳಿ ತಳ್ಳಿ ಒಲೆಗೆ ಹಾಕಿ, ಮೇಲೆ ಹೊಸ ನೀರಿನ ಹಂಡೆ ಇಟ್ಟಳು. ಉಗುಳು ಕುಡಿದ ಹಲಗೆ ಮೊದಲು ಸುಂಯ್ ಎಂದಿತು, ಆಮೇಲೆ ಹತ್ತಿಕೊಂಡಿತು. ಅದರ ಹೊಗೆಯಲ್ಲೂ ಕಡ್ಡಿಪುಡಿಯ ನಾತವೇ. ಅವಳು ಗಾಳಿ ಬರುವ ಕಡೆಗೆ ಸರಿದು ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ನೀರು ಮರಳುವುದನ್ನೇ ಕಾದಳು.